ಪೋಷಕರ ಸಭೆಯಲ್ಲಿ ಖಾಲಿ ಉಳಿಯುವ ಕುರ್ಚಿಗಳು

ದಸರಾ ರಜೆ ಮುಗಿದು ಎರಡನೆಯ ಅವಧಿ ಆರಂಭವಾದ ಬಳಿಕ, ಡಿಸೆಂಬರ್‌ನ ಚಳಿ ಬೀಳುವ ಹೊತ್ತಿಗೆ, ಶಾಲೆಯಿಂದ ಮಕ್ಕಳ ಚೀಲದಲ್ಲಿ ಒಂದು ಸೂಚನಾ ಪತ್ರ ಮನೆಗೆ ಬರುತ್ತದೆ. ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳು, ಹಾಜರಾತಿಯ ವಿವರ, ವಿದ್ಯಾರ್ಥಿವೇತನಕ್ಕೆ ಬೇಕಾದ ದಾಖಲೆಗಳು, ಹತ್ತನೆಯ ತರಗತಿಯವರಿಗಾದರೆ ಪೂರ್ವಸಿದ್ಧತಾ ಪರೀಕ್ಷೆಯ ವೇಳಾಪಟ್ಟಿ, ಕೊನೆಯಲ್ಲಿ ಪೋಷಕರ ಸಭೆಯ ದಿನಾಂಕ. ಕೆಳಗೆ ತಂದೆ ಅಥವಾ ತಾಯಿಯ ಸಹಿಗೆಂದು ಎಳೆದ ಒಂದು ಗೆರೆ.

ಈ ಪತ್ರಕ್ಕೆ ನಮ್ಮ ಮನೆಗಳಲ್ಲಿ ಒದಗುವ ಗತಿಯನ್ನು ಬಲ್ಲವರೇ ಬಲ್ಲರು. ಮನೆಯ ಮಾತು ಬ್ಯಾರಿಯೋ ಉರ್ದುವೋ ಆಗಿರುತ್ತದೆ, ಪತ್ರ ಕನ್ನಡದಲ್ಲಿರುತ್ತದೆ. ತಂದೆ ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ ಅಥವಾ ಗಲ್ಫ್‌ನಲ್ಲಿ. ತಾಯಿಗೆ ಕನ್ನಡ ಅಕ್ಷರಗಳ ಪರಿಚಯ ಅಷ್ಟಕ್ಕಷ್ಟೆ. ಹೀಗಿರುವಾಗ ಪತ್ರವನ್ನು ಓದಿ ಹೇಳುವ ಹೊಣೆ, ಅದು ಯಾವ ಹುಡುಗನ ಕುರಿತು ಬರೆಯಲ್ಪಟ್ಟಿದೆಯೋ ಅದೇ ಹುಡುಗನ ಪಾಲಿಗೆ ಬರುತ್ತದೆ. ತನ್ನ ಮೇಲಿನ ದೂರನ್ನು ತಾನೇ ಓದಿ, ತಾನೇ ಅರ್ಥ ಹೇಳುವ ಭಾಗ್ಯ ಯಾವ ನ್ಯಾಯಾಲಯದಲ್ಲೂ ಯಾವ ಆರೋಪಿಗೂ ಸಿಗಲಾರದು! 'ಎಲ್ಲ ಸರಿಯಿದೆಯಂತೆ, ಇಲ್ಲೊಂದು ಸಹಿ ಬೇಕಂತೆ' ಎನ್ನುತ್ತಾನೆ ಅವನು. ಸಹಿ ಬೀಳುತ್ತದೆ. ಪತ್ರ ಮತ್ತೆ ಚೀಲ ಸೇರುತ್ತದೆ. ಸಭೆಯ ದಿನ ಮುಖ್ಯೋಪಾಧ್ಯಾಯರು ಹಾಕಿಸಿದ ಕುರ್ಚಿಗಳಲ್ಲಿ ಅರ್ಧಕ್ಕರ್ಧ ಖಾಲಿ ಉಳಿಯುತ್ತವೆ. ಬಂದವರು ಯಾರೆಂದು ನೋಡಿದರೆ, ಬರಲೇಬೇಕಾಗಿಲ್ಲದವರು. ಅಂದರೆ ಚೆನ್ನಾಗಿ ಓದುವ ಮಕ್ಕಳ ತಂದೆ ತಾಯಂದಿರು. ಯಾರ ಮಗ ವಾರಕ್ಕೆರಡು ದಿನ ಶಾಲೆ ತಪ್ಪಿಸುತ್ತಿದ್ದಾನೋ ಅವರ ಸುಳಿವಿರುವುದಿಲ್ಲ.

ಇದೊಂದು ಸಣ್ಣ ವಿಷಯವೆಂದು ಯಾರಿಗಾದರೂ ತೋರಬಹುದು. ನಮಗೆ ಹಾಗೆ ತೋರುವುದಿಲ್ಲ. ನಮ್ಮ ಸಮುದಾಯ ಮಕ್ಕಳನ್ನು ಶಾಲೆಗೆ ಕಳುಹಿಸುವುದಿಲ್ಲ ಎಂಬ ಹಳೆಯ ಆರೋಪಕ್ಕೆ 2006ರ ನವೆಂಬರ್‌ನಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿ ಉತ್ತರ ಕೊಟ್ಟಿತ್ತು. ಶಾಲೆಗೆ ಹೋಗುವ ವಯಸ್ಸಿನ ಮುಸ್ಲಿಮ್ ಮಕ್ಕಳ ಪೈಕಿ ಮದ್ರಸಾಗಳಿಗೆ ಹೋಗುವವರು ಶೇ. 3ರಷ್ಟು ಮಾತ್ರ ಎಂದು ಅದು ತೋರಿಸಿತು. ಮುಖ್ಯವಾಹಿನಿಯ ಶಿಕ್ಷಣದ ಬಗ್ಗೆ ಮುಸ್ಲಿಮ್ ಪೋಷಕರಿಗೆ ಅಸಡ್ಡೆಯಿಲ್ಲವೆಂದೂ ಹೇಳಿತು. ಆದರೆ 6ರಿಂದ 14 ವರ್ಷದ ಮಕ್ಕಳಲ್ಲಿ ಶೇ. 25 ಮಂದಿ ಒಂದೋ ಶಾಲೆಯ ಮೆಟ್ಟಿಲು ಹತ್ತಿಲ್ಲ ಅಥವಾ ನಡುವೆ ಬಿಟ್ಟಿದ್ದಾರೆ ಎಂಬ ಕಹಿ ಸತ್ಯವನ್ನೂ ಅದೇ ವರದಿ ಮುಂದಿಟ್ಟಿತು. ನಮ್ಮ ರಾಜ್ಯದ ಸ್ಥಿತಿ ಇದಕ್ಕಿಂತ ಉತ್ತಮವಾಗಿತ್ತು. 2001ರ ಜನಗಣತಿಯಲ್ಲಿ ಕರ್ನಾಟಕದ ಮುಸ್ಲಿಮರ ಸಾಕ್ಷರತೆ ಶೇ. 70.1, ರಾಜ್ಯದ ಸರಾಸರಿ ಶೇ. 66.6. ಆದ್ದರಿಂದ ಕಳುಹಿಸುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಕಳುಹಿಸಿದ ಮೇಲೆ ವಿಚಾರಿಸುವುದರಲ್ಲಿ ಬಿದ್ದಿದ್ದೇವೆ. ಶಾಲೆ ಬಿಡುವ ಹುಡುಗ ಒಂದೇ ದಿನದಲ್ಲಿ ಬಿಡುವುದಿಲ್ಲ. ಮೊದಲು ಗಣಿತದಲ್ಲಿ ಹಿಂದೆ ಬೀಳುತ್ತಾನೆ, ಆಮೇಲೆ ಸೋಮವಾರ ತಪ್ಪಿಸುತ್ತಾನೆ, ಆಮೇಲೆ ಯಾರದೋ ಬೈಕಿನ ಹಿಂದೆ ಕಾಣಿಸಿಕೊಳ್ಳುತ್ತಾನೆ. ಇದೆಲ್ಲದರ ಮೊದಲ ಸುಳಿವು ಇರುವುದು ಆ ಚಳಿಗಾಲದ ಪತ್ರದಲ್ಲಿ. ಮೇ ತಿಂಗಳ ಫಲಿತಾಂಶದ ಹಾಳೆಯಲ್ಲಿ ಅದು ಕಾಣಿಸುವಾಗ ಸಮಯ ಮೀರಿರುತ್ತದೆ.

ಅಷ್ಟಕ್ಕೂ ಈ ಪತ್ರ ಮತ್ತು ಸಭೆ ಶಾಲೆಯವರು ನಮಗೆ ತೋರುವ ಔದಾರ್ಯವಲ್ಲ. 2010ರ ಎಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಸೆಕ್ಷನ್, ಪೋಷಕರ ಸಭೆಯನ್ನು ನಿಯತವಾಗಿ ಕರೆದು ಮಗುವಿನ ಹಾಜರಾತಿ, ಕಲಿಕೆಯ ಸಾಮರ್ಥ್ಯ ಮತ್ತು ಪ್ರಗತಿಯನ್ನು ತಿಳಿಸುವುದನ್ನು ಶಿಕ್ಷಕರ ಕರ್ತವ್ಯಗಳಲ್ಲಿ ಸೇರಿಸಿದೆ. 21ನೆಯ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ. ಶಾಲೆಯ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗಗಳ ಮಕ್ಕಳ ಪೋಷಕರಿಗೆ ಸೂಕ್ತ ಪ್ರಮಾಣದ ಪ್ರಾತಿನಿಧ್ಯ ಇರಬೇಕು ಎನ್ನುತ್ತದೆ ಅದು. ಶಾಲೆಗೆ ಬಂದ ಅನುದಾನ ಎಲ್ಲಿ ಹೋಯಿತೆಂದು ನೋಡುವ ಅಧಿಕಾರವೂ ಆ ಸಮಿತಿಗಿದೆ. ನಮ್ಮ ರಾಜ್ಯ ಈ ದಾರಿಯನ್ನು ಕೇಂದ್ರಕ್ಕಿಂತ ಮೊದಲೇ ಹಿಡಿದಿತ್ತು. ಡಾ. ರಾಜಾರಾಮಣ್ಣ ನೇತೃತ್ವದ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲೇ ಇಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಲ್ಲರೂ ಎಸ್.ಡಿ.ಎಂ.ಸಿ. ಎನ್ನುವ ಸಮಿತಿಗಳು, ಅಸ್ತಿತ್ವಕ್ಕೆ ಬಂದವು.

ಆದರೆ ಈ ಸಮಿತಿಗಳ ಆಯ್ಕೆ ಹೇಗೆ ನಡೆಯುತ್ತದೆ? ಹಲವೆಡೆ ಊರಿನ ಇಬ್ಬರು ಮುಖಂಡರು ಮತ್ತು ಮುಖ್ಯೋಪಾಧ್ಯಾಯರು ಹೆಸರುಗಳನ್ನು ಮೊದಲೇ ಬರೆದಿಟ್ಟಿರುತ್ತಾರೆ. ಸಭೆಗೆ ಬಂದ ಹತ್ತು ಮಂದಿ ಚಪ್ಪಾಳೆ ತಟ್ಟುತ್ತಾರೆ. ಮರುದಿನ ಪತ್ರಿಕೆಯಲ್ಲಿ 'ಅವಿರೋಧ ಆಯ್ಕೆ' ಎಂದು ವರದಿಯಾಗುತ್ತದೆ. ಅರ್ಧದಷ್ಟು ಮಹಿಳೆಯರಿರಬೇಕೆಂಬ ನಿಯಮಕ್ಕಾಗಿ ಕೆಲವು ತಾಯಂದಿರ ಹೆಸರನ್ನೂ ಸೇರಿಸಲಾಗುತ್ತದೆ. ನಡಾವಳಿ ಪುಸ್ತಕ ಅವರ ಮನೆ ಬಾಗಿಲಿಗೇ ಸಹಿಗೆ ಹೋಗುತ್ತದೆ. ಇದರಲ್ಲಿ ನಮ್ಮವರು ಬೇರೆಯವರಿಗಿಂತ ಭಿನ್ನರೇನಲ್ಲ. ಆದರೆ ಬೇರೆಯವರಿಗೆ ಪಂಚಾಯತ್, ಸಹಕಾರಿ ಸಂಘ, ಇಲಾಖೆ ಎಂದು ಹತ್ತು ಬಾಗಿಲುಗಳಿವೆ. ನಮಗೆ ತೆರೆದಿರುವುದು ಒಂದೋ ಎರಡೋ. ಅದರಲ್ಲೂ ಒಂದನ್ನು ನಾವೇ ಮುಚ್ಚಿಕೊಂಡರೆ ದೂರುವುದು ಯಾರನ್ನು?

ಮಸೀದಿಯ ಜಮಾಅತ್ ಕಮಿಟಿಯ ಮಹಾಸಭೆ ಇರುವ ದಿನ ನಮ್ಮ ಊರುಗಳನ್ನು ನೋಡಬೇಕು. ಅಧ್ಯಕ್ಷ ಸ್ಥಾನಕ್ಕಾಗಿ ಎರಡು ಗುಂಪುಗಳು ತಿಂಗಳ ಮೊದಲೇ ಮನೆಮನೆ ಸುತ್ತುತ್ತವೆ. ಲೆಕ್ಕಪತ್ರದಲ್ಲಿ ನೂರು ರೂಪಾಯಿ ವ್ಯತ್ಯಾಸ ಬಂದರೂ ಎದ್ದು ನಿಂತು ಪ್ರಶ್ನಿಸುವವರಿದ್ದಾರೆ. ಗಲ್ಫ್‌ನಿಂದ ಫೋನ್ ಮಾಡಿ ವಿಚಾರಿಸುವವರಿದ್ದಾರೆ. ಇದನ್ನು ನಾವು ತಪ್ಪೆನ್ನುವುದಿಲ್ಲ, ಸಾರ್ವಜನಿಕ ಹಣಕ್ಕೆ ಲೆಕ್ಕ ಕೇಳುವುದು ಒಳ್ಳೆಯ ಗುಣವೇ. ಸಮಾಲೋಚನೆಗೆ ಇಸ್ಲಾಮ್ ಕೊಟ್ಟ ಮಹತ್ವ ಎಷ್ಟೆಂದರೆ, ಪವಿತ್ರ ಕುರ್‌ಆನ್‌ನ ಒಂದು ಅಧ್ಯಾಯದ ಹೆಸರೇ ಅಶ್ಶೂರಾ. ಆದರೆ ಈ ಎಚ್ಚರವೆಲ್ಲ ಮಸೀದಿಯ ಗೇಟಿನೊಳಗೇ ಉಳಿಯುವುದೇಕೆ? ನಮ್ಮ ಮಗ ದಿನಕ್ಕೆ ಆರು ಗಂಟೆ ಕಳೆಯುವ ಕಟ್ಟಡದಲ್ಲಿ ಇಂಗ್ಲಿಷ್‌ಗೆ ಶಿಕ್ಷಕರೇ ಇಲ್ಲವೆಂದು ನಮಗೆ ತಿಳಿಯಲು ಪರೀಕ್ಷೆಯ ಫಲಿತಾಂಶ ಬರಬೇಕೆ? ಬದ್ರ್ ಯುದ್ಧದ ಅಕ್ಷರಸ್ಥ ಕೈದಿಗಳಿಗೆ ಮದೀನಾದ ಮಕ್ಕಳಿಗೆ ಓದು ಬರಹ ಕಲಿಸುವುದನ್ನೇ ಬಿಡುಗಡೆಯ ಶರತ್ತಾಗಿಸಿದ ಪ್ರವಾದಿಯವರ(ಸ) ಚರಿತ್ರೆಯನ್ನು ವೇದಿಕೆಗಳಲ್ಲಿ ಹೇಳುವಾಗ ನಮ್ಮ ಭಾಷಣಕಾರರ ದನಿ ಏರುತ್ತದೆ. ಅದೇ ಭಾಷಣಕಾರರು ತಮ್ಮ ಮಗನ ತರಗತಿ ಶಿಕ್ಷಕಿಯ ಹೆಸರು ಹೇಳಬಲ್ಲರೇ?

ಸಭೆಗೆ ಬಾರದವರಿಗೂ ಅವರದ್ದೇ ಕಾರಣಗಳಿವೆ, ಅವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಬೀಡಿ ಕಟ್ಟುವ ತಾಯಿಗೆ ಸಭೆಯ ಮೂರು ಗಂಟೆ ಎಂದರೆ ಅಂದಿನ ಸಂಪಾದನೆಯ ದೊಡ್ಡ ಪಾಲು. ದಿನಗೂಲಿ ತಂದೆಗೆ ಇಡೀ ದಿನದ ಕೂಲಿ. ಕೆಲವು ಶಾಲೆಗಳು ಶುಕ್ರವಾರ ಮಧ್ಯಾಹ್ನಕ್ಕೇ ಸಭೆ ಇಟ್ಟು, ಮುಸ್ಲಿಮ್ ತಂದೆಯರು ಬರಲಿಲ್ಲವೆಂದು ಬೇಸರಪಡುತ್ತವೆ! ಇದಕ್ಕಿಂತ ಆಳವಾದ ಕಾರಣ ಅವಮಾನದ ಭಯ. ತಾವು ಕುಳಿತು ಬೈಸಿಕೊಂಡ ತರಗತಿಗೆ ಇಪ್ಪತ್ತು ವರ್ಷಗಳ ಬಳಿಕ ಮಗನ ಸಲುವಾಗಿ ಮತ್ತೆ ಬೈಸಿಕೊಳ್ಳಲು ಯಾರು ತಾನೇ ಹೋಗುತ್ತಾರೆ? ಬುರ್ಖಾ ಧರಿಸಿದ ತಾಯಿ ಕನ್ನಡದಲ್ಲಿ ತಡವರಿಸಿದಾಗ ಶಿಕ್ಷಕರ ಮುಖದಲ್ಲಿ ಮೂಡುವ ನಗುವನ್ನು ಆಕೆ ಮರೆಯುವುದಿಲ್ಲ. ಶಿಕ್ಷಕರಲ್ಲಿ ತಾಳ್ಮೆಯಿಂದ ಕೂರಿಸಿ ಮಾತಾಡುವವರು ಬಹಳಷ್ಟು ಮಂದಿ ಇದ್ದಾರೆ ಎಂಬುದೂ ಅಷ್ಟೇ ನಿಜ. ಆದರೆ ಒಂದು ಕಹಿ ಅನುಭವ ಇಡೀ ಕೇರಿಯಲ್ಲಿ ಹರಡಲು ಒಂದು ಸಂಜೆ ಸಾಕು.

ಈ ಚಳಿಗಾಲದ ಸಭೆ ವರ್ಷದ ಬೇರೆ ಸಭೆಗಳಂತಲ್ಲ ಎಂಬುದಕ್ಕೆ ಇನ್ನೊಂದು ಕಾರಣವಿದೆ. ಕಾಯ್ದೆಯ 22ನೆಯ ಸೆಕ್ಷನ್ ಪ್ರಕಾರ ಶಾಲಾಭಿವೃದ್ಧಿ ಯೋಜನೆಯನ್ನು ಸಮಿತಿಯೇ ಸಿದ್ಧಪಡಿಸಬೇಕು, ಸರಕಾರದ ಅನುದಾನಕ್ಕೆ ಅದೇ ಆಧಾರ. ಕೇಂದ್ರದ ಮಾದರಿ ನಿಯಮಗಳು ಇದನ್ನು ಮೂರು ವರ್ಷಗಳ ಯೋಜನೆಯೆಂದೂ, ಸಮಿತಿ ರಚನೆಯಾದ ಆರ್ಥಿಕ ವರ್ಷ ಮುಗಿಯುವುದಕ್ಕೆ ಕನಿಷ್ಠ ಮೂರು ತಿಂಗಳ ಮೊದಲು ಸಿದ್ಧವಾಗಬೇಕೆಂದೂ ಹೇಳುತ್ತವೆ. ಮಾರ್ಚ್‌ನಿಂದ ಹಿಂದಕ್ಕೆ ಎಣಿಸಿದರೆ ಡಿಸೆಂಬರ್. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲಿಲ್ಲ, ಉರ್ದು ಶಿಕ್ಷಕರ ಹುದ್ದೆ ಖಾಲಿಯಿದೆ, ಎರಡು ತರಗತಿಗಳು ಒಂದೇ ಕೋಣೆಯಲ್ಲಿ ಕುಳಿತಿವೆ ಎಂಬುದನ್ನೆಲ್ಲ ಬರೆಸಬೇಕಾದ ಹೊತ್ತು ಇದು. ಜೂನ್‌ನಲ್ಲಿ ಪ್ರತಿಭಟನೆ ಮಾಡಿದರೆ ಅಧಿಕಾರಿಗಳು ಕೇಳುವ ಮೊದಲ ಪ್ರಶ್ನೆ: 'ಯೋಜನೆಯಲ್ಲಿ ಬರೆದಿದ್ದೀರಾ?'

ಮಧ್ಯಾಹ್ನದ ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ವಿಚಾರವನ್ನೇ ನೋಡಿ. 2021ರ ಡಿಸೆಂಬರ್‌ನಲ್ಲಿ ಅದು ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಆರಂಭವಾದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮಕ್ಕಳೇ ಎದ್ದು ನಿಂತು ಮೊಟ್ಟೆ ಬೇಕೆಂದರು. ಮುಂದೆ ಯೋಜನೆ ರಾಜ್ಯಕ್ಕೆಲ್ಲ ವಿಸ್ತರಿಸಿತು, 2024ರಲ್ಲಿ ಅಝೀಂ ಪ್ರೇಮ್‌ಜಿ ಫೌಂಡೇಶನ್‌ನ ನೆರವಿನಿಂದ ವಾರಕ್ಕೆ ಆರು ದಿನ ಎಂದಾಯಿತು. ಇದು ಆದೇಶದ ಮಾತು. ತಟ್ಟೆಗೆ ಎಷ್ಟು ದಿನ ಬೀಳುತ್ತಿದೆ ಎಂಬುದನ್ನು ಬೆಂಗಳೂರಿನ ಅಧಿಕಾರಿ ನೋಡಲಾರ. ಆ ಶಾಲೆಯ ತಾಯಂದಿರು ನೋಡಬಲ್ಲರು.

ಚಳಿಗಾಲದ ಸುದ್ದಿಗಳು ಎಲ್ಲ ವರ್ಷವೂ ಒಳ್ಳೆಯವಾಗಿರುವುದಿಲ್ಲ. 2022ರ ನವೆಂಬರ್‌ನಲ್ಲಿ ಕೇಂದ್ರ ಸರಕಾರವು ಅಲ್ಪಸಂಖ್ಯಾತ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 9 ಮತ್ತು 10ನೆಯ ತರಗತಿಗಳಿಗೆ ಸೀಮಿತಗೊಳಿಸಿತು. ಶಿಕ್ಷಣ ಹಕ್ಕು ಕಾಯ್ದೆಯಡಿ ಎಂಟನೆಯ ತರಗತಿಯವರೆಗೆ ಉಚಿತ ಶಿಕ್ಷಣವಿದೆಯಲ್ಲ ಎಂಬುದು ಸಮರ್ಥನೆ. ಅರ್ಜಿ ಹಾಕಿ ಕಾಯುತ್ತಿದ್ದ ಸಣ್ಣ ತರಗತಿಗಳ ಮಕ್ಕಳ ತಂದೆತಾಯಂದಿರಲ್ಲಿ ಅನೇಕರಿಗೆ ಇದು ಗೊತ್ತಾದದ್ದು ಹಣ ಬಾರದಿದ್ದಾಗ.

ಅದೇ ವರ್ಷದ ಆರಂಭದಲ್ಲಿ ನಡೆದುದನ್ನು ಯಾರೂ ಮರೆತಿರಲಾರರು. ಉಡುಪಿಯಲ್ಲಿ ಆರಂಭವಾದ ಹಿಜಾಬ್ ವಿವಾದದ ನಡುವೆ, 2022ರ ಫೆಬ್ರವರಿ 5ರ ಸರಕಾರಿ ಆದೇಶವು ಪದವಿಪೂರ್ವ ಕಾಲೇಜುಗಳ ಸಮವಸ್ತ್ರವನ್ನು ನಿರ್ಧರಿಸುವ ಅಧಿಕಾರವನ್ನು ಕಾಲೇಜು ಅಭಿವೃದ್ಧಿ ಸಮಿತಿಗಳಿಗೆ ವಹಿಸಿತು. ಮಾರ್ಚ್ 15ರಂದು ಹೈಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಕಾನೂನಿನ ತರ್ಕ ಏನೇ ಇರಲಿ, ಶಿರವಸ್ತ್ರಕ್ಕಾಗಿ ಹೆಣ್ಣುಮಕ್ಕಳನ್ನು ಗೇಟಿನ ಹೊರಗೆ ನಿಲ್ಲಿಸಿದ್ದು ಅನ್ಯಾಯ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಶಾಸಕರೇ ಅಧ್ಯಕ್ಷರಾಗಿರುವ ಸಮಿತಿಯಲ್ಲಿ ನಮ್ಮವರು ಒಬ್ಬಿಬ್ಬರಿದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತೆಂದೂ ನಾವು ಹೇಳುವುದಿಲ್ಲ. ಆದರೆ ಅಂಥದೊಂದು ಸಮಿತಿ ಇದೆ, ಅದು ವರ್ಷವೆಲ್ಲ ಸಭೆ ಸೇರುತ್ತದೆ, ಅದರ ನಿರ್ಣಯಕ್ಕೆ ಇಷ್ಟು ಬಲವಿದೆ ಎಂಬುದು ನಮ್ಮಲ್ಲಿ ಅನೇಕರಿಗೆ ಮೊದಲ ಬಾರಿ ತಿಳಿದದ್ದು ಆ ವಾರದಲ್ಲಿ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ತರಗತಿಯ ಸಹಪಾಠಿಗಳ ತಂದೆತಾಯಂದಿರನ್ನು ವರ್ಷಕ್ಕೆ ಎರಡು ಬಾರಿ ಅದೇ ಸಭಾಂಗಣದಲ್ಲಿ ಕಂಡು, ಮಕ್ಕಳ ಅಂಕದ ಬಗ್ಗೆ ಮಾತಾಡಿ ಪರಿಚಯವಿದ್ದವರ ನಡುವೆ ವಿಷ ಬಿತ್ತುವುದು ಅಷ್ಟು ಸುಲಭವಾಗುತ್ತಿತ್ತೇ ಎಂಬ ಪ್ರಶ್ನೆಯೂ ನಮ್ಮನ್ನು ಕಾಡುತ್ತದೆ.

ಇನ್ನು ನಮ್ಮದೇ ಸಂಸ್ಥೆಗಳ ಮಾತು. ಇದನ್ನು ಬರೆಯುವಾಗ ಕೆಲವು ಹಿತೈಷಿಗಳಿಗೆ ನೋವಾಗಬಹುದು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠವು ಅಲ್ಪಸಂಖ್ಯಾತ ಶಾಲೆಗಳು ಶಿಕ್ಷಣ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ತೀರ್ಪಿತ್ತಿತು. 2025ರ ಸೆಪ್ಟೆಂಬರ್‌ನಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ದೊಡ್ಡ ಪೀಠ ಪರಿಶೀಲಿಸಬೇಕೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ನ್ಯಾಯಾಲಯ ಏನೇ ಹೇಳಲಿ, ಕಾನೂನಿನಿಂದ ವಿನಾಯಿತಿ ಸಿಕ್ಕಿದ್ದಕ್ಕೆ ಪೋಷಕರಿಗೆ ಉತ್ತರಿಸುವುದರಿಂದಲೂ ವಿನಾಯಿತಿ ಸಿಕ್ಕಿತೆಂದು ನಮ್ಮ ಆಡಳಿತ ಮಂಡಳಿಗಳು ಭಾವಿಸಿದರೆ ಅದು ಸಂವಿಧಾನದ 30ನೆಯ ವಿಧಿಗೆ ಮಾಡುವ ಗೌರವವಲ್ಲ. ನಮ್ಮ ಎಷ್ಟು ಆಂಗ್ಲ ಮಾಧ್ಯಮ ಶಾಲೆಗಳ ಆಡಳಿತದಲ್ಲಿ ಒಬ್ಬ ತಾಯಿಯಾದರೂ ಇದ್ದಾಳೆ? ಜನವರಿಯ ವಾರ್ಷಿಕೋತ್ಸವಕ್ಕೆ ಪೋಷಕರನ್ನು ಕರೆಯುತ್ತೇವೆ, ನಿಜ. ವೇದಿಕೆಯಲ್ಲಿ ಇಪ್ಪತ್ತು ಮಂದಿ ಗಣ್ಯರಿಗೆ ಶಾಲು ಹೊದಿಸುವುದನ್ನು ಅವರು ರಾತ್ರಿ ಹತ್ತರವರೆಗೆ ನೋಡುತ್ತಾರೆ. ಗಣಿತದ ಶಿಕ್ಷಕರು ಆರು ತಿಂಗಳಲ್ಲಿ ಮೂವರು ಬದಲಾದದ್ದೇಕೆ ಎಂದು ಕೇಳುವ ಅವಕಾಶ ಆ ವೇದಿಕೆಯ ಕೆಳಗಿಲ್ಲ. ಕಡಿಮೆ ಸಂಬಳಕ್ಕೆ ಶಿಕ್ಷಕಿಯರು ನಿಲ್ಲುತ್ತಿಲ್ಲವೆಂಬ ಉತ್ತರ ಎಲ್ಲರಿಗೂ ಗೊತ್ತಿದೆ. ಅದನ್ನು ಬಾಯಿಬಿಟ್ಟು ಹೇಳುವ ಸಭೆ ಬೇಕು.

ಏನು ಮಾಡಬಹುದು? ದೊಡ್ಡ ಸಮಾವೇಶ ಬೇಡ. ಜುಮಾ ನಮಾಝಿನ ಬಳಿಕ ಮದುವೆ, ಮಯ್ಯಿತ್, ಚಂದಾಗಳ ಪ್ರಕಟಣೆ ಓದುವ ಕಾರ್ಯದರ್ಶಿ, ಊರಿನ ಶಾಲೆಯ ಪೋಷಕರ ಸಭೆಯ ದಿನವನ್ನೂ ಓದಲಿ. ಸಭೆ ಶುಕ್ರವಾರ ಮಧ್ಯಾಹ್ನಕ್ಕಿದ್ದರೆ ಕಮಿಟಿಯ ಇಬ್ಬರು ಮುಖ್ಯೋಪಾಧ್ಯಾಯರನ್ನು ಭೇಟಿಯಾಗಿ ಸಮಯ ಬದಲಿಸಲು ವಿನಂತಿಸಲಿ, ಹೆಚ್ಚಿನವರು ಒಪ್ಪುತ್ತಾರೆ. ನಮ್ಮ ಕೇರಿಗಳಲ್ಲಿ ಪದವಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ಈಗ ಕಡಿಮೆಯೇನಿಲ್ಲ. ಮಗ್ರಿಬ್ ನಂತರದ ಅರ್ಧ ಗಂಟೆ ಅವರಲ್ಲೊಬ್ಬರ ಜಗಲಿಯಲ್ಲಿ ಅಕ್ಕಪಕ್ಕದ ತಾಯಂದಿರು ಪತ್ರ ಹಿಡಿದು ಕುಳಿತರೆ ಸಾಕು. ಮಸೀದಿಯ ಕಮಿಟಿಯಲ್ಲಿ ಮಹಿಳೆಯರಿಗೆ ಸ್ಥಾನವಿರಬೇಕೇ ಎಂಬ ಚರ್ಚೆ ನಮ್ಮಲ್ಲಿ ಯಾವಾಗ ಮುಗಿಯುವುದೋ ತಿಳಿಯದು. ಶಾಲೆಯ ಸಮಿತಿಯಲ್ಲಿ ಅರ್ಧ ಸ್ಥಾನ ಅವರಿಗಾಗಿಯೇ ಕಾಯುತ್ತಿದೆ, ಅಲ್ಲಿ ಯಾರ ಫತ್ವಾದ ಅಗತ್ಯವೂ ಇಲ್ಲ.

ಈ ವಾರ ಮಗ ಮನೆಗೆ ಬಂದಾಗ ಅವನ ಚೀಲದ ಹಿಂದಿನ ಅರೆಯನ್ನು ಒಮ್ಮೆ ನೋಡಿ. ನಾಲ್ಕಾಗಿ ಮಡಚಿದ ಒಂದು ಹಾಳೆ ಅಲ್ಲಿರಬಹುದು. ಓದಲು ಅದನ್ನು ಅವನ ಕೈಗೆ ಕೊಡಬೇಡಿ, ಪಕ್ಕದ ಮನೆಗೆ ಒಯ್ಯಿರಿ.