ಹಲ್ಲು ನೋಡಿ ಬೆಲೆ ಕಟ್ಟುವ ವಿದ್ಯೆ

ದನದ ಜಾತ್ರೆಯಲ್ಲಿ ಎತ್ತುಗಳ ವ್ಯಾಪಾರವನ್ನು ಕಂಡವರಿಗೆ ಒಂದು ಸಂಗತಿ ಗೊತ್ತು. ನೋಡುವವನ ಕಣ್ಣನ್ನು ಮೊದಲು ಸೆಳೆಯುವುದು ಕೆತ್ತಿ ಎಣ್ಣೆ ಸವರಿದ ಕೊಂಬು, ಕೊರಳ ಗೆಜ್ಜೆ, ಬೆನ್ನ ಮೇಲಿನ ಜೂಲು. ಆದರೆ ಅನುಭವಿಯಾದ ರೈತನ ಕೈ ಮೊದಲು ಹೋಗುವುದು ಎತ್ತಿನ ಬಾಯಿಗೆ. ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿದೆಯೋ ಎಂದು ನೋಡಿ, ಸುಳಿ ಹುಡುಕಿ, ನಾಲ್ಕು ಹೆಜ್ಜೆ ನಡೆಸಿದ ಮೇಲೆಯೇ ಅವನು ವಲ್ಲಿಯ ಮರೆಯಲ್ಲಿ ಮಾರುವವನ ಬೆರಳು ಹಿಡಿಯುವನು. ಈ ವಿದ್ಯೆಯನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಆದರೆ ಲಕ್ಷಗಟ್ಟಲೆ ಸುರಿದು ಹಳೆಯ ಕಾರುಗಳನ್ನು ಕೊಳ್ಳುವವರು ಇದನ್ನು ಕಲಿತಿದ್ದರೆ ಎಷ್ಟೋ ಮನೆಗಳ ಗಂಟು ಉಳಿಯುತ್ತಿತ್ತೆಂದು ನನಗೆ ತೋರುತ್ತದೆ.

ಈ ಮಾತು ಸುಮ್ಮನೆ ಹುಟ್ಟಿದುದಲ್ಲ. ಯಾದಗಿರಿ ಸೀಮೆಯ ಕೊಂಕಲ್ಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ, ಓದಿದವನು, ದುಡಿಯುವವನು. ಎರಡು ಸುಗ್ಗಿಯ ಹತ್ತಿಯ ಹಣ ಮನೆಯಲ್ಲಿತ್ತು. ತಂಗಿಯ ನರ್ಸಿಂಗ್ ಓದಿಗೆಂದು ತೆಗೆದಿರಿಸಿದ ಹಣ ಅದು. ಹೈದರಾಬಾದಿನಲ್ಲಿ ಹಳೆಯ ಕಾಂಟೆಸ್ಸಾ ಕಾರೊಂದು ೪ ಲಕ್ಷ ರೂಪಾಯಿಗೆ ಸಿಗುವುದೆಂದೂ, ಹತ್ತು ವರ್ಷ ಇರಿಸಿಕೊಂಡರೆ ೮ ಲಕ್ಷವಾಗುವುದು ಖಂಡಿತವೆಂದೂ ತಿಳಿಸಿ, “ಇದು ಖರ್ಚಲ್ಲರಿ ಸರ್, ಬಂಡವಾಳ” ಎಂದನು. ಕಟ್ಟೆಯ ಮೇಲೆ ಕುಳಿತಿದ್ದ ಅವನ ಮುತ್ಯಾ ತಲೆಯೆತ್ತಿ ಮೂರೇ ಪ್ರಶ್ನೆ ಕೇಳಿದರು: “ಹಲ್ಲ ನೋಡಿಯೇನಪಾ? ಯಾರ ಮನೀದದು? ಮೇವಿಗೆ ಎಷ್ಟ ಬೇಕಾಗ್ತದ?” ಹುಡುಗ ನಕ್ಕನು. ನನಗೆ ನಗು ಬರಲಿಲ್ಲ. ಹಳೆಯ ಕಾರಿನ ವಿಷಯದಲ್ಲಿ ಕೇಳಬೇಕಾದುದೆಲ್ಲ ಆ ಮೂರರಲ್ಲಿಯೇ ಅಡಕವಾಗಿತ್ತು.

ಕಾಂಟೆಸ್ಸಾ ಕಾರನ್ನು ‘ಭಾರತದ ಮಸಲ್ ಕಾರು’ ಎಂದು ಅಭಿಮಾನದಿಂದ ಕರೆಯುವ ವಾಡಿಕೆಯುಂಟು. ಅಮೆರಿಕದಲ್ಲಿ ೧೯೬೪ರ ಪಾಂಟಿಯಾಕ್ ಜಿ.ಟಿ.ಓ. ಕಾರಿನಿಂದ ಪ್ರಸಿದ್ಧಿಗೆ ಬಂದ ಈ ಜಾತಿಯ ಲಕ್ಷಣ ಸರಳವಾದುದು: ಮಧ್ಯಮ ಗಾತ್ರದ ಮೈ, ಆ ಮೈಗೆ ಮೀರಿದ ಎಂಟು ಸಿಲಿಂಡರಿನ ಎಂಜಿನ್. ಜಿ.ಟಿ.ಓ. ಎಂಜಿನ್ನಿನ ಗಾತ್ರ ಸುಮಾರು ೬.೪ ಲೀಟರ್. ನಮ್ಮ ಕಾಂಟೆಸ್ಸಾ ೧೯೮೪ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿದ್ದ ಹಿಂದುಸ್ತಾನ್ ಮೋಟಾರ್ಸ್ ಕಾರ್ಖಾನೆಯಿಂದ ಹೊರಬಂದಿತು. ಅದರ ಮೈಕಟ್ಟು ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನದು. ಉದ್ದನೆಯ ಮೂತಿ, ಮುಂದೆ ನಾಲ್ಕು ದೀಪ, ನಿಂತ ನಿಲುವಿನಲ್ಲಿಯೇ ಒಂದು ಗತ್ತು. ಆದರೆ ಒಳಗಿದ್ದುದು ೧.೫ ಲೀಟರಿನ ಹಳೆಯ ಎಂಜಿನ್. ಅದರ ಬಲ ಸುಮಾರು ೫೦ ಕುದುರೆಗಳದು. ಗೂಳಿಯ ಮೈಗೆ ಹೋರಿಗರುವಿನ ಉಸಿರು ಇಟ್ಟಂತಾಗಿತ್ತು. ಮುಂದೆ ಜಪಾನಿನ ಇಸುಝು ಕಂಪನಿಯ ೧.೮ ಲೀಟರ್ ಎಂಜಿನ್ನೂ ಐದು ಗೇರುಗಳೂ ಬಂದ ಮೇಲೆ ಉಸಿರು ಮೈಗೆ ಕೊಂಚ ಹೊಂದಿತು. ೨೦೦೨ರಲ್ಲಿ ಅದರ ತಯಾರಿಕೆ ನಿಂತುಹೋಯಿತು.

ಇನ್ನು ಮುತ್ಯಾ ಅವರ ಮೊದಲ ಪ್ರಶ್ನೆ, ಹಲ್ಲು. ಕಾರಿನ ಹಲ್ಲೆಂದರೆ ಎಂಜಿನ್ನಿನ ಮೇಲೆ, ಚಾಸಿಯ ಮೇಲೆ ಕೊರೆದ ಸಂಖ್ಯೆಗಳು. ಅವು ನೋಂದಣಿ ಪುಸ್ತಕದೊಡನೆ ಹೊಂದಬೇಕು. ಕಾರ್ಖಾನೆಯಿಂದ ಬಂದ ಎಂಜಿನ್ನೇ ಒಳಗಿರಬೇಕು. ಪೆಟ್ರೋಲು ದುಬಾರಿಯಾಯಿತೆಂದು ಬೇರೆ ಡೀಸೆಲ್ ಎಂಜಿನ್ ಕೂರಿಸಿದ ಕಾರು ಓಡುವುದಕ್ಕೆ ಒಳ್ಳೆಯದಿರಬಹುದು. ಸಂಗ್ರಾಹಕನ ಕಣ್ಣಿಗೆ ಅದು ಕಟ್ಟಿಸಿಕೊಂಡ ಹಲ್ಲು. ಅಮೆರಿಕದಲ್ಲಿಯೂ ಈ ಮೋಸ ಹೊಸದಲ್ಲ. ೧೯೬೪ರ ಜಿ.ಟಿ.ಓ. ಎಂಬುದು ಬೇರೆಯ ಕಾರೇ ಆಗಿರಲಿಲ್ಲ; ಲೆಮಾನ್ಸ್ ಎಂಬ ಸಾಮಾನ್ಯ ಕಾರಿಗೆ ಹೆಚ್ಚಿನ ಹಣ ತೆತ್ತು ಸೇರಿಸಿಕೊಳ್ಳುವ ಒಂದು ಸಜ್ಜು. ಆದುದರಿಂದ ಸಾಮಾನ್ಯವಾದುದಕ್ಕೆ ಬಿರುದು ಅಂಟಿಸಿ ಮಾರುವುದು ಅಲ್ಲಿ ಸುಲಭವಾಯಿತು. ಹೊಸ ಬಣ್ಣದ ಹೊಳಪನ್ನು ಕಂಡೊಡನೆ ಹಿಗ್ಗುವವನು ಬಾಗಿಲಿನ ಕೆಳಗೂ ಕಾಲಿಡುವ ನೆಲದ ತಗಡಿಗೂ ಬೆರಳು ತಾಗಿಸಿ ತುಕ್ಕನ್ನು ಹುಡುಕುವುದು ಲೇಸು. ಬಣ್ಣ ಅಡಗಿಸುವುದು ಹೆಚ್ಚಾಗಿ ಅದನ್ನೇ.

ಎರಡನೆಯದು, ಯಾರ ಮನೆಯದು? ವಸ್ತುವಿನ ವಂಶಾವಳಿ ಕಾಗದದಲ್ಲಿದ್ದರೆ ಅದಕ್ಕೆ ಬೆಲೆ. ೧೯೬೮ರ ‘ಬುಲಿಟ್’ ಎಂಬ ಚಲನಚಿತ್ರದಲ್ಲಿ ಸ್ಟೀವ್ ಮೆಕ್ವೀನ್ ಓಡಿಸಿದ ಫೋರ್ಡ್ ಮಸ್ಟಾಂಗ್ ಕಾರನ್ನು ೧೯೭೪ರಲ್ಲಿ ಒಂದು ಕುಟುಂಬ ಸುಮಾರು ೬,೦೦೦ ಡಾಲರಿಗೆ ಕೊಂಡು ಮನೆಯ ಕೆಲಸಕ್ಕೆ ಬಳಸಿತು. ಅವರು ಅದರ ಮಾಸಿದ ಬಣ್ಣವನ್ನಾಗಲಿ ಗಾಯಗಳನ್ನಾಗಲಿ ಅಳಿಸಲಿಲ್ಲ, ಕಾಗದಪತ್ರಗಳನ್ನು ಜೋಪಾನವಾಗಿಟ್ಟರು. ೨೦೨೦ರ ಜನವರಿಯಲ್ಲಿ ಅದು ೩೭.೪ ಲಕ್ಷ ಡಾಲರಿಗೆ ಹರಾಜಾಯಿತು. ಕೊಂಕಲ್ ಸೀಮೆಯವರಿಗೆ ಇನ್ನೂ ಹತ್ತಿರದ ನಿದರ್ಶನ ಬೇಕೆ? ಈ ಪ್ರದೇಶ ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಸಿಂಹಾಸನದಂಥ ಪೀಠವುಳ್ಳ ರೋಲ್ಸ್‌ರಾಯ್ಸ್ ಒಂದನ್ನು ಮಾಡಿಸಲು ಹೇಳಿ, ಅದು ಬರುವ ಮೊದಲೇ ೧೯೧೧ರಲ್ಲಿ ತೀರಿಕೊಂಡರು. ಆ ಹಳದಿ ಕಾರು ಈಗ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ನೋಡುವವರಿಗಾಗಿ ನಿಂತಿದೆ. ಯಾರ ಮನೆಯದೆಂಬ ಪ್ರಶ್ನೆಗೆ ಅದರ ಉತ್ತರ ಎಷ್ಟು ಸ್ಪಷ್ಟ! ನಾಲ್ಕಾರು ಕೈ ದಾಟಿ, ಮೊದಲ ಒಡೆಯನಾರೆಂಬುದೇ ಮರೆತುಹೋದ ಕಾಂಟೆಸ್ಸಾಕ್ಕೆ ಆ ನ್ಯಾಯ ಸಲ್ಲದು.

ಮೂರನೆಯ ಪ್ರಶ್ನೆಯೇ ಎಲ್ಲಕ್ಕೂ ಕಠಿಣವಾದುದು: ಮೇವು. ಚಿನ್ನವನ್ನು ಪೆಟ್ಟಿಗೆಯಲ್ಲಿಟ್ಟು ಮರೆಯಬಹುದು. ಕಾರನ್ನು ಮರೆತರೆ ಅದು ಕೊಳೆಯುತ್ತದೆ. ನಿಂತಲ್ಲಿ ಟೈರು ಬಿರಿಯುತ್ತದೆ, ರಬ್ಬರು ಒಣಗುತ್ತದೆ, ಬ್ಯಾಟರಿ ಸಾಯುತ್ತದೆ, ಇಲಿ ತಂತಿ ಕಡಿಯುತ್ತದೆ. ನೆರಳು ಬೇಕು, ವಿಮೆ ಬೇಕು, ಕೈ ಪಳಗಿದ ಮೆಕ್ಯಾನಿಕ್ ಬೇಕು, ತಯಾರಿಕೆ ನಿಂತ ಬಿಡಿಭಾಗಗಳಿಗೆ ಊರೂರು ಅಲೆಯಬೇಕು. ಇದಕ್ಕೆಲ್ಲ ವರ್ಷಕ್ಕೆ ೩೦,೦೦೦ ರೂಪಾಯಿ ಎಂದಿಟ್ಟುಕೊಳ್ಳಿ. ಅದೇ ೪ ಲಕ್ಷವನ್ನು ಶೇಕಡಾ ೭ರ ಬಡ್ಡಿಗೆ ಠೇವಣಿಯಿಟ್ಟರೆ ಹತ್ತು ವರ್ಷದಲ್ಲಿ ಸುಮಾರು ೭.೯ ಲಕ್ಷವಾಗುತ್ತದೆ, ವರ್ಷವರ್ಷದ ಮೇವಿನ ಹಣವೂ ಅದೇ ಬಡ್ಡಿಯಲ್ಲಿ ಬೆಳೆದಿದ್ದರೆ ಇನ್ನೂ ೪.೧ ಲಕ್ಷ. ಕೂಡಿದರೆ ೧೨ ಲಕ್ಷ! ಅಂದಮೇಲೆ ನನ್ನ ವಿದ್ಯಾರ್ಥಿ ಹತ್ತು ವರ್ಷದ ಮೇಲೆ ಕಾರನ್ನು ೮ ಲಕ್ಷಕ್ಕೆ ಮಾರಿ ‘ಇಮ್ಮಡಿಯಾಯಿತು’ ಎಂದು ಹಿಗ್ಗಿದರೆ, ನಿಜದಲ್ಲಿ ೪ ಲಕ್ಷವನ್ನು ಕಳೆದುಕೊಂಡಿರುತ್ತಾನೆ. ಮೇಲೆ ಹೇಳಿದ ಆ ಪ್ರಸಿದ್ಧ ಮಸ್ಟಾಂಗಿನ ಲಾಭವಾದರೂ ೪೬ ವರ್ಷಕ್ಕೆ ಹರಡಿದರೆ ವರ್ಷಕ್ಕೆ ಸುಮಾರು ಶೇಕಡಾ ೧೫ರ ಚಕ್ರಬಡ್ಡಿ, ಅದೂ ಮೇವಿನ ಖರ್ಚನ್ನು ಕಳೆಯದೆ. ಜಗತ್ತಿನ ಅತ್ಯಂತ ಅದೃಷ್ಟಶಾಲಿ ಕಾರುಗಳಲ್ಲೊಂದರ ಗಳಿಕೆ ಇದಾದರೆ ಉಳಿದವುಗಳ ಪಾಡೇನು?

ಕಾನೂನನ್ನೂ ಮರೆಯುವಂತಿಲ್ಲ. ೨೦೨೧ರ ಕೇಂದ್ರ ನಿಯಮದಂತೆ ‘ವಿಂಟೇಜ್’ ಎನಿಸಿಕೊಳ್ಳಲು ವಾಹನಕ್ಕೆ ೫೦ ವರ್ಷ ದಾಟಿರಬೇಕು. ಹೊಸ ನೋಂದಣಿಗೆ ೨೦,೦೦೦ ರೂಪಾಯಿ ಶುಲ್ಕ. ನೋಂದಾಯಿಸಿದ ಮೇಲೆಯೂ ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ಮೊಟ್ಟಮೊದಲ ಕಾಂಟೆಸ್ಸಾಕ್ಕೂ ಆ ವಯಸ್ಸು ತುಂಬುವುದು ೨೦೩೪ರಲ್ಲಿ. ಅಲ್ಲಿಯವರೆಗೆ ಸರಕಾರದ ಕಣ್ಣಿನಲ್ಲಿ ಅದು ಬರಿಯ ಹಳೆಯ ಕಾರು. ಐದೈದು ವರ್ಷಕ್ಕೊಮ್ಮೆ ನೋಂದಣಿಯ ನವೀಕರಣ ತಪ್ಪದು.

“ಆದರೆ ಬೆಲೆ ಏರುತ್ತಿದೆಯಲ್ಲ?” ಎಂದು ತರುಣರು ಕೇಳುವರು. ಏರುತ್ತಿರುವುದು ಹೇಳುವ ಬೆಲೆಯೋ ಕೊಡುವ ಬೆಲೆಯೋ ಎಂಬುದನ್ನು ಮೊದಲು ವಿಚಾರಿಸಬೇಕು. ಜಾತ್ರೆಯಲ್ಲಿ ಕೂಗಿದ ಬೆಲೆ ಬೆಲೆಯಲ್ಲ. ವಲ್ಲಿಯ ಮರೆಯಲ್ಲಿ ಬೆರಳು ಒಪ್ಪಿದುದು ಬೆಲೆ. ೧೯೭೧ರ ‘ಹೆಮಿ ಕೂಡಾ’ ಎಂಬ ತೆರೆದ ಮಾಡಿನ ಪ್ಲಿಮತ್ ಕಾರು ೨೦೧೪ರಲ್ಲಿ ೩೫ ಲಕ್ಷ ಡಾಲರಿಗೆ ಮಾರಾಟವಾದುದು ನಿಜ. ಆದರೆ ಅಂಥವನ್ನು ತಯಾರಿಸಿದುದೇ ೧೧. ವಿರಳತೆ, ಅಸಲುತನ, ಕೊಳ್ಳುವ ಶ್ರೀಮಂತರ ಸ್ಪರ್ಧೆ ಈ ಮೂರೂ ಕೂಡಿದಲ್ಲಿ ಮಾತ್ರ ಅಂಥ ಬೆಲೆ ಹುಟ್ಟುವುದು. ಇಂದು ಕಾಂಟೆಸ್ಸಾಕ್ಕೆ ಕಾಸು ಸುರಿಯುವವರು ಬಾಲ್ಯದಲ್ಲಿ ಅದನ್ನು ಕಂಡು ಬೆರಗಾದವರು. ಅವರ ನೆನಪಿನೊಡನೆ ಆ ಬೇಡಿಕೆಯೂ ಸವೆಯಬಹುದೆಂಬುದನ್ನು ಮರೆಯಬಾರದು.

ಹಾಗಾದರೆ ಹಳೆಯ ಕಾರನ್ನು ಕೊಳ್ಳಲೇಬಾರದೆ? ನಾನು ಹಾಗೆನ್ನಲಾರೆ. ಧರ್ಮಸ್ಥಳದ ವಸ್ತುಸಂಗ್ರಹದಲ್ಲಿ ಹಳೆಯ ಕಾರುಗಳ ಸಾಲನ್ನು ಕಂಡ ಯಾರಿಗೂ ಅವುಗಳನ್ನು ಉಳಿಸಿದವರ ಮೇಲೆ ಗೌರವ ಮೂಡದಿರದು. ನನ್ನ ತಕರಾರು ಪ್ರೀತಿಯ ಮೇಲಲ್ಲ, ಪ್ರೀತಿಗೆ ಬಂಡವಾಳವೆಂಬ ಹೆಸರಿಟ್ಟು ಮನೆಯವರನ್ನು ಒಪ್ಪಿಸುವುದರ ಮೇಲೆ. ತಂಗಿಯ ಓದಿನ ಹಣ ಅವಳ ಓದಿಗೇ ಸಲ್ಲಬೇಕು. ಮುಂದೆಂದಾದರೂ ಮಿಕ್ಕ ಹಣವಿದ್ದು, ಕಳೆದರೂ ಚಿಂತೆಯಿಲ್ಲವೆನ್ನುವ ಸ್ಥಿತಿಯಿದ್ದರೆ, ಆ ಕಾರನ್ನು ಕೊಳ್ಳಲಿ. ಅದರ ಕಾಗದ ಕಾಯಲಿ, ಬಣ್ಣ ಬಳಿಯದಿರಲಿ, ಭಾನುವಾರ ಭೀಮಾ ತೀರದವರೆಗೆ ಓಡಿಸಿ ಸುಖಪಡಲಿ. ಇಷ್ಟನ್ನು ಅವನಿಗೆ ಹೇಳಿದೆ. ಅವನು ಉತ್ತರ ಕೊಡಲಿಲ್ಲ.

ಹೊರಡುವಾಗ ಅಂಗಳದ ಬೇವಿನ ನೆರಳಿನಲ್ಲಿ ಮುದಿ ಎತ್ತೊಂದು ಮೆಲುಕು ಹಾಕುತ್ತ ಮಲಗಿತ್ತು. ನೇಗಿಲು ಬಿಟ್ಟು ವರ್ಷಗಳೇ ಆಗಿವೆಯಂತೆ. ಇದಕ್ಕೂ ಮೇವು ಬೇಕಲ್ಲವೆ ಎಂದು ಮುತ್ಯಾ ಅವರನ್ನು ಕೇಳಿದೆ. “ಇದು ಲಾಭಕ್ಕಲ್ಲರಿ ಮಾಸ್ತರ, ಋಣಕ್ಕ ಕಟ್ಟೀನಿ” ಎಂದರು. ಲಾಭವಾವುದು, ಋಣವಾವುದು ಎಂಬುದನ್ನು ಅವರು ಎಂದೂ ಒಂದೇ ಗೂಟಕ್ಕೆ ಕಟ್ಟಿದವರಲ್ಲ.