ಬೀಗದೊಳಗಿನ ಕಡತಗಳು

1944ನೆಯ ಇಸವಿ ಜುಲೈ ತಿಂಗಳಲ್ಲಿ, ಮಹಾಯುದ್ಧದ ಬೆಂಕಿ ಇನ್ನೂ ಆರದಿದ್ದಾಗಲೇ, ಅಮೆರಿಕದ ಬ್ರೆಟನ್ ವುಡ್ಸ್ ಎಂಬ ಗಿರಿಧಾಮದಲ್ಲಿ 44 ರಾಷ್ಟ್ರಗಳ ಪ್ರತಿನಿಧಿಗಳು ನೆರೆದು, ಯುದ್ಧಾನಂತರದ ಜಗತ್ತಿನ ಹಣಕಾಸಿನ ಕಟ್ಟಳೆಗಳನ್ನು ಮೂರು ವಾರಗಳಲ್ಲಿ ಗೊತ್ತುಮಾಡಿದರು. ಅಂತರರಾಷ್ಟ್ರೀಯ ಹಣಕಾಸು ನಿಧಿಗೂ ವಿಶ್ವಬ್ಯಾಂಕಿಗೂ ಅಲ್ಲಿಯೇ ಅಡಿಗಲ್ಲು ಬಿದ್ದಿತು. ನಿರ್ಣಯಗಳೇನೋ ಆಗಲೇ ಲೋಕವಿದಿತವಾದವು. ಆದರೆ ಸಮಿತಿಗಳಲ್ಲಿ ಯಾರು ಏನು ನುಡಿದರೆಂಬುದರ ಶೀಘ್ರಲಿಪಿಯ ವರದಿಗಳು ಅಮೆರಿಕದ ಖಜಾನೆ ಇಲಾಖೆಯ ಗ್ರಂಥಾಲಯದಲ್ಲಿ ಯಾರ ಗಮನಕ್ಕೂ ಬಾರದೆ ಉಳಿದಿದ್ದು, ಆ ಇಲಾಖೆಯ ಅರ್ಥಶಾಸ್ತ್ರಜ್ಞರಾದ ಕರ್ಟ್ ಷೂಲರ್ ಎಂಬವರ ಕೈಗೆ ಸಿಕ್ಕಿ, 2012ರಲ್ಲಿ ಪ್ರಕಟವಾದವು. ಅರುವತ್ತೆಂಟು ವರ್ಷಗಳ ತರುವಾಯ!

ಈ ಕಾಗದಗಳು ನಮಗೆ ಅನ್ಯರ ಸಂಗತಿಯಲ್ಲ. ಅಲ್ಲಿ ಭಾರತದ ನಿಯೋಗವೂ ಇದ್ದಿತು. ವೈಸರಾಯರ ಹಣಕಾಸಿನ ಸದಸ್ಯರಾದ ಸರ್ ಜೆರೆಮಿ ರೈಸ್ಮನ್ನರು ಅದರ ನಾಯಕರು, ಸಿ. ಡಿ. ದೇಶಮುಖ್, ಆರ್. ಕೆ. ಷಣ್ಮುಖಂ ಚೆಟ್ಟಿ, ಎ. ಡಿ. ಶ್ರಾಫ್ ಮೊದಲಾದವರು ಜೊತೆಗಿದ್ದರು. ಆಂಗ್ಲ ನಾಯಕರ ಹಿಂದೆ ಹೋದವರು ಆಂಗ್ಲರ ತಾಳಕ್ಕೆ ಕುಣಿದಿರಬೇಕೆಂದು ಎಣಿಸುವುದು ಸಹಜ. ಕಡತವು ಬೇರೆ ಮಾತನ್ನೇ ಹೇಳುತ್ತದೆ. ಯುದ್ಧಕಾಲದಲ್ಲಿ ಬ್ರಿಟನ್ನು ನಮ್ಮಿಂದ ಪಡೆದ ಸರಕಿಗೆ ಹಣ ತೆರದೆ ಲಂಡನ್ನಿನಲ್ಲಿ ಲೆಕ್ಕ ಬರೆದಿಟ್ಟ ಸ್ಟರ್ಲಿಂಗ್ ಶಿಲ್ಕು, ಯುದ್ಧಾಂತ್ಯದ ವೇಳೆಗೆ ಸುಮಾರು 130 ಕೋಟಿ ಪೌಂಡುಗಳಿಗೇರಿತು. 1943ರ ಬಂಗಾಳದ ಕ್ಷಾಮವನ್ನು ನೆನೆದರೆ ಈ ಶಿಲ್ಕು ಯಾರ ಹೊಟ್ಟೆಯ ಉಳಿತಾಯವೆಂಬುದು ತಿಳಿದೀತು. ಅದರಲ್ಲಿ ಒಂದಂಶವನ್ನಾದರೂ ಇತರ ದೇಶಗಳ ನಾಣ್ಯಕ್ಕೆ ಬದಲಾಯಿಸಿಕೊಳ್ಳಲು ನಿಧಿಯು ನೆರವಾಗಬೇಕೆಂದು ನಮ್ಮವರು ವಾದಿಸಿದರು. ಬ್ಯಾಂಕಿನಲ್ಲಿ ಹತ್ತು ಲಕ್ಷವಿದ್ದೂ ಬಾಡಿಗೆಯ ಮೋಟಾರಿಗೆ ಕೊಡಲು ಕಾಸಿಲ್ಲದವನ ಪಾಡು ನಮ್ಮದೆಂದು ಶ್ರಾಫರು ನುಡಿದರು. ಬ್ರಿಟನ್ನಿನ ಪರವಾಗಿ ಕೇನ್ಸ್ ಪ್ರಭುಗಳು ಭಾರತೀಯ ಮಿತ್ರರಿಗೆ ಕೃತಜ್ಞತೆಯನ್ನರ್ಪಿಸಿ, ಈ ಋಣವನ್ನು ಸಂಬಂಧಪಟ್ಟವರು ತಮ್ಮತಮ್ಮಲ್ಲಿಯೇ ಇತ್ಯರ್ಥ ಮಾಡಿಕೊಳ್ಳತಕ್ಕದ್ದೆಂದರು. ಸಲಹೆ ಬಿದ್ದುಹೋಯಿತು. ಸಾಲ ತೆಗೆದವರೇ ಕಟ್ಟಳೆ ಬರೆಯುವ ಪೀಠದಲ್ಲಿಯೂ ಕುಳಿತಿದ್ದರೆ ಇನ್ನೇನಾದೀತು?

ಇಷ್ಟು ನಮಗೆ ತಿಳಿದದ್ದು ಪರರ ದಫ್ತರದಿಂದ. 1945ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರ ಸಹಿಮಾಡಿದ ನಿಯೋಗದ ನಾಯಕರು, ಮರುವರ್ಷವೇ ಮೈಸೂರಿನ ದಿವಾನರಾದ ಸರ್ ಎ. ರಾಮಸ್ವಾಮಿ ಮೊದಲಿಯಾರರು. ಅವರಿಗೆ ದೆಹಲಿಯು ಏನು ಅಪ್ಪಣೆ ಕೊಟ್ಟಿತ್ತು, ಲಂಡನ್ನು ಏನು ತಿದ್ದಿತ್ತು ಎಂದು ವಿಚಾರಿಸಹೊರಟ ಕನ್ನಡಿಗನು ಇಂದಿಗೂ ಇಂಡಿಯಾ ಆಫೀಸಿನ ಕಡತಗಳಿಗಾಗಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಬಾಗಿಲನ್ನು ತಟ್ಟಬೇಕು. ಅದು ಪರಾಧೀನ ಕಾಲದ ಫಲವೆಂದು ಸಹಿಸೋಣ. ಸ್ವಾಧೀನ ಕಾಲದ ಕಡತಗಳ ಗತಿಯೇನು? ಬ್ರಿಟನ್ನು ಕಡತ ತೆರೆಯುವ ಅವಧಿಯನ್ನು 1958ರಲ್ಲಿ 50 ವರ್ಷವೆಂದು ಗೊತ್ತುಮಾಡಿ, 1967ರಲ್ಲಿ 30ಕ್ಕೂ, 2010ರ ಕಾಯಿದೆಯಿಂದ 20ಕ್ಕೂ ಇಳಿಸಿತು. ನಮ್ಮಲ್ಲಿಯೂ 1993ರ ಸಾರ್ವಜನಿಕ ದಾಖಲೆಗಳ ಕಾಯಿದೆಯುಂಟು. ಆದರೂ 1962, 1965, 1971ರ ಯುದ್ಧಗಳ ದಾಖಲೆಗಳು ತಮ್ಮಲ್ಲಿಲ್ಲವೆಂದು ರಾಷ್ಟ್ರೀಯ ಪತ್ರಾಗಾರದ ಮಹಾನಿರ್ದೇಶಕರೇ 2022ರ ಡಿಸೆಂಬರಿನಲ್ಲಿ ಒಪ್ಪಿಕೊಳ್ಳಬೇಕಾಯಿತು. ಇಲಾಖೆಗಳು ಕಳುಹಿಸಿಕೊಟ್ಟರಲ್ಲವೇ ಅವರಲ್ಲಿರುವುದು!

ರಾಜ್ಯದ ಗೋಪ್ಯವನ್ನು ಕಾಯಬೇಕೆಂಬ ಅಧಿಕಾರಿವರ್ಗದ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ನಾಳೆಯ ಸಂಧಾನದ ಪತ್ರವು ಇಂದೇ ಬೀದಿಗೆ ಬರಲೆಂದು ಕೇಳುವವರು ಯಾರೂ ಇಲ್ಲ. ಆದರೆ ಭದ್ರತಾ ಸಮಿತಿಯಲ್ಲಿ ಶಾಶ್ವತ ಸ್ಥಾನವನ್ನೂ ಹಣಕಾಸು ನಿಧಿಯಲ್ಲಿ ಹೆಚ್ಚಿನ ಪಾಲನ್ನೂ ಕೇಳುತ್ತಿರುವ ದೇಶವು, ಆ ಪೀಠಗಳನ್ನು ಹಂಚಿದ ಕಾಲದಲ್ಲಿ ತಾನು ಕೇಳಿದ್ದೇನು, ತನಗೆ ದಕ್ಕಿದ್ದೇನು ಎಂಬುದನ್ನು ತನ್ನ ಕಾಗದಗಳಿಂದಲೇ ತೋರಿಸಬಲ್ಲದಾಗಿರಬೇಕು. ಅಮೆರಿಕದವರು ತಮ್ಮ ವಿದೇಶಾಂಗ ಪತ್ರಗಳನ್ನು 1861ರಿಂದ ಸಂಪುಟಗಳಾಗಿ ಅಚ್ಚುಮಾಡುತ್ತ ಬಂದಿದ್ದಾರೆ. ದೆಹಲಿಯ ವಿದೇಶಾಂಗ ಮತ್ತು ಹಣಕಾಸು ಮಂತ್ರಾಲಯಗಳು 1944ರಿಂದ 1950ರವರೆಗಿನ ತಮ್ಮ ಪತ್ರಗಳ ಒಂದೇ ಒಂದು ಪಟ್ಟಿಯನ್ನಾದರೂ ಈ ವರ್ಷ ಜನರ ಮುಂದಿಡಲಿ.