ಮೆಟ್ಟಿಲೂ ಉಸಿರೂ

ನಜರ್‌ಬಾದಿನ ನಮಗೆ ಚಾಮುಂಡಿಬೆಟ್ಟವು ಮನೆಯ ಹಿತ್ತಿಲಿದ್ದಂತೆ. ದೊಡ್ಡ ದೇವರಾಜ ಒಡೆಯರ (1659–1673) ಕಾಲದ ಆ ಸಾವಿರ ಮೆಟ್ಟಿಲುಗಳನ್ನು ಹತ್ತುವವರಲ್ಲಿ ಉಸಿರಿನ ವಿಷಯವನ್ನು ಯೋಚಿಸದವರಿಲ್ಲ. ಯೋಚಿಸಿಯೂ ತಪ್ಪಿದವರಲ್ಲಿ ನಾವೊಬ್ಬರು.

ನೆರೆಮನೆಯ ಹುಡುಗನೊಬ್ಬನು ಪೊಲೀಸು ಕೆಲಸದ ಓಟದ ಪರೀಕ್ಷೆಗೆಂದು ದಿನವೂ ಬೆಳಗ್ಗೆ ಆ ಮೆಟ್ಟಿಲುಗಳನ್ನು ಓಡಿ ಹತ್ತುತ್ತಿದ್ದಾನೆ. ಕಳೆದ ತಿಂಗಳು ಅವನು, “ಮೇಷ್ಟ್ರೇ, ಬಹಳ ಏದುಸಿರು ಬರುತ್ತದೆ, ಏನು ಮಾಡಲಿ?” ಎಂದು ಕೇಳಿದನು. “ಕುಂಭಕವನ್ನು ಸಾಧಿಸಪ್ಪಾ, ಉಸಿರನ್ನು ಬಿಗಿಹಿಡಿದಷ್ಟೂ ಪ್ರಾಣವಾಯುವು ಒಳಗೆ ನಿಲ್ಲುತ್ತದೆ” ಎಂದು ನಾವು ದೊಡ್ಡ ಪಂಡಿತರಂತೆ ಉತ್ತರವಿತ್ತೆವು. ಮರುದಿನ ಅವನು ನಂದಿಯನ್ನು ಮುಟ್ಟುವ ಮೊದಲೇ ಕಣ್ಣು ಕತ್ತಲೆಗಟ್ಟಿ ಕುಸಿದು ಕುಳಿತನಂತೆ. ಉರುಳಿ ಬಿದ್ದಿದ್ದರೆ ಅವನ ತಾಯಿಗೆ ಯಾವ ಮುಖದಿಂದ ಸಮಾಧಾನ ಹೇಳುತ್ತಿದ್ದೆವು? ಆದುದರಿಂದ ಈ ತಿಂಗಳ ಬರಹವು ನಮ್ಮ ತಪ್ಪಿನ ತಿದ್ದುಪಡಿಯೆಂದು ವಾಚಕರು ತಿಳಿಯಬೇಕು.

ಗಾಳಿಯಲ್ಲಿ ನೂರಕ್ಕೆ 21 ಭಾಗ ಆಮ್ಲಜನಕವಿದೆ. ಸುಮ್ಮನೆ ಕುಳಿತಾಗ ನಾವು ಹೊರಬಿಡುವ ಉಸಿರಿನಲ್ಲಿಯೂ ಸುಮಾರು 16 ಭಾಗ ಉಳಿದೇ ಇರುತ್ತದೆ. ಆರೋಗ್ಯವಂತನ ರಕ್ತವು ಶ್ವಾಸಕೋಶದಲ್ಲಿ ಆಗಲೇ ಆಮ್ಲಜನಕದಿಂದ ಬಹುತೇಕ ತುಂಬಿರುವುದರಿಂದ ಉಸಿರನ್ನು ಹಿಡಿದು ಹೆಚ್ಚಾಗಿ ಕೂಡಿಡುವಂತಿಲ್ಲ. ಓಡುವಾಗಲಾದರೋ ದೇಹದ ಬೇಡಿಕೆಯು ಹತ್ತು ಪಟ್ಟನ್ನೂ ಮೀರಬಹುದು. ಇಂಗಾಲಾಮ್ಲ ವಾಯುವೂ ಅದೇ ಪ್ರಮಾಣದಲ್ಲಿ ಹುಟ್ಟುತ್ತದೆ. ಅದನ್ನು ಹೊರಹಾಕುವುದಕ್ಕಾಗಿಯೇ ಏದುಸಿರು. ಅದು ರೋಗವಲ್ಲ, ಸೇವೆ. ಆಗ ಉಸಿರನ್ನು ಬಿಗಿಹಿಡಿದು ತಿಣುಕಿದರೆ ಎದೆಯೊಳಗೆ ಒತ್ತಡವೇರಿ, ಹೃದಯಕ್ಕೆ ಮರಳುವ ರಕ್ತವು ಕಡಮೆಯಾಗಿ, ತಲೆ ಸುತ್ತುತ್ತದೆ.

ಇನ್ನೊಂದು ಸಣ್ಣ ಲೆಕ್ಕ. ಪ್ರತಿ ಉಸಿರಿನಲ್ಲಿಯೂ ಸುಮಾರು 150 ಮಿಲಿಲೀಟರು ಗಾಳಿಯು ಶ್ವಾಸನಾಳಗಳಲ್ಲಿಯೇ ನಿಂತು ವ್ಯರ್ಥವಾಗುತ್ತದೆ. ನಿಮಿಷಕ್ಕೆ 500 ಮಿಲಿಲೀಟರಿನ 12 ಉಸಿರಾದರೆ ಒಟ್ಟು 6 ಲೀಟರು. ಉಪಯೋಗಕ್ಕೆ ಬರುವುದು 4.2 ಲೀಟರು. 250ರಂತೆ 24 ಉಸಿರಾದರೂ ಒಟ್ಟು ಅದೇ 6 ಲೀಟರು. ಉಪಯೋಗಕ್ಕೆ ಬರುವುದು 2.4 ಮಾತ್ರ! ಆದುದರಿಂದ ಮೇಲುಸಿರಿಗಿಂತ ಹೊಟ್ಟೆಯವರೆಗಿನ ನಿಡಿದಾದ ಉಸಿರು ಲೇಸು. ಹಾಗೆಂದು ಬಲವಂತವೂ ಸಲ್ಲದು. ಕಠಿನ ವ್ಯಾಯಾಮದಲ್ಲಿ ಉಸಿರಾಟದ ಸ್ನಾಯುಗಳೇ ಆಮ್ಲಜನಕದ ಹತ್ತನೆಯ ಒಂದು ಪಾಲನ್ನು ತಿನ್ನುತ್ತವೆ. ನಮ್ಮ ಓಟಕ್ಕೆ ಎಲ್ಲೆಯನ್ನು ಹಾಕುವುದು ಬಹುಮಟ್ಟಿಗೆ ಹೃದಯವು ರಕ್ತವನ್ನು ತಳ್ಳುವ ಶಕ್ತಿ. ಅದು ವಾರಗಟ್ಟಲೆಯ ಅಭ್ಯಾಸದಿಂದ ಬೆಳೆಯತಕ್ಕದ್ದು, ಉಪಾಯದಿಂದಲ್ಲ.

ಪತಂಜಲಿಗಳು ಪ್ರಾಣಾಯಾಮವನ್ನು ಹೇಳಿದುದು ಆಸನವು ಸ್ಥಿರವಾದ ಮೇಲೆ. ಮೆಟ್ಟಿಲನ್ನು ಓಡುವವನಿಗೆ ಅದನ್ನು ಹೇಳಿದವರು ನಾವು, ಶಾಸ್ತ್ರದ ದೋಷವಲ್ಲ.

ಹುಡುಗನನ್ನು ಕರೆದು ಇಷ್ಟನ್ನೂ ಒಪ್ಪಿಕೊಂಡೆವು. ಈಗ ಅವನು ಮೂಗುಬಾಯಿಗಳೆರಡರಿಂದಲೂ ಸರಾಗವಾಗಿ ಉಸಿರಾಡುತ್ತಾ ಹತ್ತುತ್ತಾನೆ. ನಾವು ಮಾತನಾಡಲು ಸಾಧ್ಯವಾಗುವಷ್ಟು ನಿಧಾನದಿಂದ ಹಿಂದೆ ಹೋಗುತ್ತೇವೆ. ನಮ್ಮ ವಯಸ್ಸಿನವರು ಎದೆನೋವು ಕಂಡರೆ ಅಲ್ಲಿಯೇ ನಿಂತು ವೈದ್ಯರನ್ನು ಕಾಣಬೇಕು. ದೇವಿಯು ನಾಳೆಯೂ ಬೆಟ್ಟದ ಮೇಲೆಯೇ ಇರುತ್ತಾಳೆ.